ಬೇಕರಿಯಿಂದ ಬಾಹ್ಯಾಕಾಶಕ್ಕೆ

ಎಲ್ಲಕ್ಕೂ ಮೂಲ, ಲೈಬ್ರರಿಯ ಕೌಂಟರಿನಲ್ಲಿ ಕೂರುವ ಕೌಂಟರಕ್ಕನ ನಾದಿನಿಯ ವಾಷಿಂಗ್ ಮೆಷೀನು. ಅದು ಬಟ್ಟೆ ಒಗೆಯುತ್ತ ಒಗೆಯುತ್ತ, ಕುಣಿದು ಕುಪ್ಪಳಿಸಿ, ಬಚ್ಚಲಿನಿಂದ ಹೊರಟು ನಡುಮನೆಗೆ ಬಂದು ನಿಂತ ಕತೆಯನ್ನು ಅವಳು ಲೈಬ್ರರಿಯ ಹಿಂದಿನ ಬೈಂಡಿಂಗ್ ಕೋಣೆಯ ಬಾಗಿಲಿಗೆ ಒರಗಿಕೊಂಡು ಹೇಳಿದಳು. ಆ ಹೊತ್ತಿನಲ್ಲಿ ಬೈಂಡರನ ಕಿವಿ ನಾದಿನಿಯ ಮನೆಯಲ್ಲಿತ್ತು, ಕೈ ಅಂಟಿನ ಡಬ್ಬಿಯಲ್ಲಿತ್ತು. ಮೇಜಿನ ಮೇಲೆ ನಡು ಮುರಿದುಕೊಂಡ ಎರಡು ಪುಸ್ತಕಗಳ ನಾಲ್ಕು ತುಂಡುಗಳು ದುರಸ್ತಿಗೆ ಕಾಯುತ್ತ ಬಿದ್ದಿದ್ದವು.

ಎರಡೂ ಹದಿಹರೆಯದವರ ಕಪಾಟಿನವು. ಆ ಕಪಾಟಿನ ಪುಸ್ತಕಗಳಿಗೆ ಆಯುಸ್ಸು ಕಡಿಮೆ. ಹಾಸಿಗೆಯಲ್ಲಿ ಮಗುಚಿ, ಬಸ್ಸಿನಲ್ಲಿ ಮಡಿಚಿ, ಊಟದ ತಟ್ಟೆಯ ಅಡಿಗಿಟ್ಟು ಓದುವ ಮಕ್ಕಳ ಕೈಗೆ ಸಿಕ್ಕಿದ್ದು ಉಳಿದೀತೇ? ಒಂದು, ಬೇಕರಿಯ ಹುಡುಗಿಯೊಬ್ಬಳ ಪ್ರೇಮಕತೆ. ಇನ್ನೊಂದು, ದೂರದ ಗ್ರಹಕ್ಕೆ ಹೊರಟ ಗಗನನೌಕೆಯ ಕತೆ. ಪ್ರಕಾಶಕರು ಒಬ್ಬರೇ, ಅಳತೆ ಒಂದೇ, ಅಕ್ಷರ ಒಂದೇ, ಮುರಿದ ಪುಟವೂ ಹೆಚ್ಚುಕಡಿಮೆ ಒಂದೇ. ಮೆಷೀನು ನಡುಮನೆ ತಲುಪುವಷ್ಟರಲ್ಲಿ ಎರಡಕ್ಕೂ ಅಂಟು ಬಿದ್ದಾಗಿತ್ತು.

ಅದು ಹೋದ ವಾರದ ಮಾತು. ಈ ದಿನ ಬೆಳಿಗ್ಗೆ ಬೈಂಡರು, ಅಂದರೆ ಬೆರಳ ತುದಿಯಲ್ಲಿ ಸದಾ ಅಂಟು ಒಣಗಿರುವ ಕಾರಣಕ್ಕೆ ಎಲ್ಲರ ಬಾಯಲ್ಲೂ ಅಂಟಣ್ಣ ಆಗಿಹೋದವನು, ಭಾರದ ಕಲ್ಲಿನ ಅಡಿಯಿಂದ ಗಗನನೌಕೆಯನ್ನು ತೆಗೆದು ನಡುವಿನ ಪುಟ ಬಿಡಿಸಿ ನೋಡಿದ. ಓದುವುದಕ್ಕಲ್ಲ. ಎಷ್ಟೋ ವರ್ಷಗಳಿಂದ ಪುಸ್ತಕ ಕಟ್ಟುತ್ತಿದ್ದವನು ಒಂದನ್ನೂ ಓದಿರಲಿಲ್ಲ. ಅಂಟು ಹಿಡಿದಿದೆಯೇ ಎಂದು ನೋಡುವಾಗ ಕಣ್ಣು ತಾನಾಗಿ ಸಾಲಿನ ಮೇಲೆ ಬಿತ್ತು.

'ಕ್ಯಾಪ್ಟನ್ ಉಸಿರು ಬಿಗಿಹಿಡಿದು ಕೆಂಪು ಗುಂಡಿ ಒತ್ತಿದ. ಉಕ್ಕಿನ ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಒಳಗೆ...'

ಪುಟ ತಿರುಗಿಸಿದ.

'...ಬಿಸಿಬಿಸಿ ಬನ್ನುಗಳು ಸಾಲಾಗಿ ಕೂತಿದ್ದವು. "ನೀನು ನನಗೆ ಸುಳ್ಳು ಹೇಳಿದೆ" ಎಂದು ಅವಳು ಬಿಕ್ಕಿದಳು.'

ಅಂಟಣ್ಣ ಹೆದರಿಕೊಂಡು ರಟ್ಟು ಮಗುಚಿ ಹೆಸರು ನೋಡಿದ. ಬೇಕರಿ ಕತೆಯ ಎರಡನೇ ಅರ್ಧ ಇಲ್ಲಿಗೆ ಬಂದಿದೆ ಎಂದರೆ, ಗಗನನೌಕೆಯ ಎರಡನೇ ಅರ್ಧ ಬೇಕರಿಯೊಳಗೆ ಹೋಗಿ ಕೂತಿದೆ. ಬೇಕರಿ ಎಲ್ಲಿದೆ?

ಹೆದರಿಕೆಗೆ ಕಾರಣವಿತ್ತು. ಕೆಲವು ತಿಂಗಳ ಹಿಂದೆ ಅವನು ಪ್ರಥಮ ಚಿಕಿತ್ಸೆ ಪುಸ್ತಕದ ರಟ್ಟನ್ನು ಅಡುಗೆ ಪುಸ್ತಕಕ್ಕೆ ಹಾಕಿ ಕಳಿಸಿದ್ದ. ಕೈ ಸುಟ್ಟುಕೊಂಡ ಓದುಗರೊಬ್ಬರು ಗಾಬರಿಯಲ್ಲಿ ತೆರೆದು ನೋಡಿದರೆ, 'ಹೊಂಬಣ್ಣ ಬರುವವರೆಗೆ ಹುರಿಯಿರಿ' ಎಂದಿತ್ತು. ಆಗ ಲೈಬ್ರರಿಯ ದೊಡ್ಡ ಮೇಡಂ ಕರೆದು, "ನೋಡ್ರೀ, ಇನ್ನೊಂದು ಸಲ ಹೀಗಾದ್ರೆ ಬೈಂಡಿಂಗ್ ಕೆಲಸ ಎಲ್ಲಾ ಮೆಷೀನ್ ಇರೋ ಪ್ರೆಸ್ಸಿಗೆ ಕೊಟ್ಟುಬಿಡ್ತೀನಿ. ನೀವು ಮನೇಲಿ ಕೂತು ಏನು ಬೇಕಾದ್ರೂ ಅಂಟಿಸ್ಕೊಳ್ಳಿ" ಎಂದಿದ್ದರು. ಪರವೂರಿನ ಮೀಟಿಂಗಿಗೆ ಹೋಗಿದ್ದ ಮೇಡಂ ಈ ದಿನ ಸಂಜೆಯೇ ವಾಪಸು. ಆ ಕೋಣೆ, ಆ ಕಿಟಕಿ, ಆ ಅಂಟಿನ ವಾಸನೆ ಬಿಟ್ಟರೆ ಅಂಟಣ್ಣನಿಗೆ ಬೇರೆ ಲೋಕ ಗೊತ್ತಿರಲಿಲ್ಲ.

ಓಡಿಬಂದು ಕೌಂಟರಿಗೆ ಕೈಯೂರಿ ನಿಂತ. "ಅಕ್ಕಾ, ಆ ಬೇಕರಿ ಪುಸ್ತಕ ಎಲ್ಲಿ?"

"ಅದಾ? ಅಯ್ಯೋ, ಅದಕ್ಕೇನು ಡಿಮ್ಯಾಂಡು ಅಂತೀರಾ! ಆ ಎರಡು ಜಡೆ ಹುಡುಗಿ ತಗೊಂಡು ಹೋದ್ಳು. ಆಮೇಲೆ ಕೈಬದಲು ಆಯ್ತು."

ಕೈಬದಲು ಎನ್ನುವುದು ಆ ಕಪಾಟಿನ ಪದ್ಧತಿ. ಮಕ್ಕಳು ಓದಲಿ ಎಂದು ಮೇಡಮ್ಮೇ ತಂದದ್ದು. ಪುಸ್ತಕ ಇಷ್ಟವಾದರೆ ಲೈಬ್ರರಿಗೆ ತಂದು ಕೊಡಬೇಕಿಲ್ಲ. 'ನೀನೂ ಓದು' ಎಂದು ಇನ್ನೊಬ್ಬ ಸದಸ್ಯರ ಕೈಗೆ ನೇರವಾಗಿ ಕೊಡಬಹುದು. ಇಷ್ಟವಾಗದ ಪುಸ್ತಕ ಮಾತ್ರ ವಾಪಸು ಬರುತ್ತಿತ್ತು. ಹಾಗಾಗಿ ಲೈಬ್ರರಿಯಲ್ಲಿ ಉಳಿಯುತ್ತಿದ್ದವು ಯಾರಿಗೂ ಬೇಡದವು.

"ಯಾರ ಕೈಗೆ ಹೋಯ್ತು?"

"ಅವಳನ್ನೇ ಕೇಳಿ. ಯಾಕೆ, ಏನಾಯ್ತು? ಮುಖ ಯಾಕೆ ಹಂಗಾಗಿದೆ? ಏನೋ ಎಡವಟ್ಟು ಮಾಡಿದೀರ ಅಲ್ವಾ? ನನ್ ಹತ್ರ ಹೇಳಿ, ನಾನ್ ಯಾರಿಗೂ ಹೇಳಲ್ಲ."

ಅವಳಿಗೆ ಹೇಳುವುದೂ ಒಂದೇ, ಮೈಕು ಹಿಡಿದು ಸಾರುವುದೂ ಒಂದೇ. ಅಂಟಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಟ.

ಎರಡು ಜಡೆ ಹುಡುಗಿ ಶಾಲೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಸಿಕ್ಕಳು. ಪುಸ್ತಕದ ಹೆಸರೆತ್ತಿದ್ದೇ ತಡ, ಕಣ್ಣು ಅರಳಿಸಿದಳು.

"ಅಂಕಲ್, ನೀವೂ ಓದಿದ್ರಾ? ನಾನು ಓದಿರೋ ಲವ್ ಸ್ಟೋರಿಗಳಲ್ಲೇ ಬೆಸ್ಟ್ ಅದು! ಮೊದಲರ್ಧ ಎಲ್ಲಾ ಮಾಮೂಲೇ ಬಿಡಿ. ಅವಳು ಬೇಕರಿ ಹುಡುಗಿ, ಅವನು ಹಿಟ್ಟಿನ ಮೂಟೆ ತರೋನು. ಆಮೇಲೆ ಜಗಳ ಆಗುತ್ತೆ. ಅವಳು ಅಳ್ತಾ ಓವನ್ ಬಾಗಿಲು ತೆಗೀತಾಳೆ. ಒಳಗೆ ಏನಿರುತ್ತೆ ಹೇಳಿ?"

"ಬನ್ನು" ಎಂದ ಅಂಟಣ್ಣ ಕುಗ್ಗಿದ ದನಿಯಲ್ಲಿ.

"ಅಯ್ಯೋ ಇಲ್ಲಾ ಅಂಕಲ್! ಆಕಾಶ! ಕಪ್ಪು ಆಕಾಶ, ತುಂಬಾ ನಕ್ಷತ್ರ! ಅಲ್ಲಿಂದ ಮುಂದೆ ಅವರಿಬ್ಬರ ಹೆಸರೂ ಬೇರೆ, ಊರೂ ಬೇರೆ. ಪ್ರೀತಿ ಅಂದ್ರೆ ಹಂಗೇ ಅಲ್ವಾ? ಎಲ್ಲಾ ಮರ್ತುಹೋಗುತ್ತೆ."

ಅಂಟಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಈಗ ಪುಸ್ತಕ ಎಲ್ಲಿದೆಯಮ್ಮಾ?"

"ನಮ್ ಸೋದರಮಾವನಿಗೆ ಕೊಟ್ಟೆ. ಕಟಿಂಗ್ ಶಾಪ್ ಮಾವ. ಅವನು ಬರೀ ಪತ್ತೇದಾರಿ ಓದ್ತಾನೆ, ಒಂದ್ಸಲ ಒಳ್ಳೇದು ಓದ್ಲಿ ಅಂತ."

ಕಟಿಂಗ್ ಶಾಪಿನ ಮಾವನಿಗೆ ಬಂದವರನ್ನು ಕೂರಿಸಿಯೇ ಅಭ್ಯಾಸ. "ಬನ್ನಿ ಅಣ್ಣಾ, ಕೂತ್ಕೊಳ್ಳಿ" ಎಂದವನೇ ಅಂಟಣ್ಣನ ಕುತ್ತಿಗೆಗೆ ಬಟ್ಟೆ ಬಿಗಿದು, ಮುಖಕ್ಕೆ ನೊರೆ ಮೆತ್ತಿಬಿಟ್ಟ. ನೊರೆಯ ನಡುವಿನಿಂದಲೇ ಅಂಟಣ್ಣ ಪುಸ್ತಕದ ವಿಷಯ ಕೇಳಿದ.

"ಆಹಾ! ಅದು ಪತ್ತೇದಾರಿ ಅಣ್ಣಾ! ಪಕ್ಕಾ ಪತ್ತೇದಾರಿ! ನನ್ ಸೊಸೆ ಲವ್ ಸ್ಟೋರಿ ಅಂತ ಕೊಟ್ಳು, ಮಗು, ಏನ್ ಗೊತ್ತಾಗುತ್ತೆ ಪಾಪ." ಅವನ ಕೈಯಲ್ಲಿ ಕತ್ತಿ ಮಿಂಚುತ್ತಿತ್ತು. "ಆ ಹಿಟ್ಟಿನ ಹುಡುಗ ಇದಾನಲ್ಲ, ಅರ್ಧಕ್ಕೇ ಮಾಯ. ಎಲ್ಲೋದ? ಯಾರಿಗೂ ಗೊತ್ತಿಲ್ಲ. ಅದೇ ಹೊತ್ತಿಗೆ ಸರಿಯಾಗಿ ಗಗನನೌಕೇಲಿ ಒಬ್ಬ ಕ್ಯಾಪ್ಟನ್ ಪ್ರತ್ಯಕ್ಷ! ಅವನ್ಯಾರು? ಇವನೇ! ವೇಷ ಅಣ್ಣಾ, ವೇಷ! ಲೇಖಕರು ಕೊನೇವರೆಗೂ ಬಾಯಿ ಬಿಡಲ್ಲ, ಆದ್ರೆ ನನ್ ಕಣ್ಣಿಗೆ ಮಣ್ಣೆರಚೋಕಾಗುತ್ತಾ? ಮುಖ ಬದಲಾಯ್ಸೋದು ಏನ್ ಮಹಾ ಕೆಲಸ? ಮೀಸೆ ಹೀಗೆ ಒಂದ್ ಸಲ ಎಳೆದ್ರೆ..."

ಎಳೆದೇಬಿಟ್ಟ.

ಕನ್ನಡಿಯಲ್ಲಿ ಅಂಟಣ್ಣನ ಅರ್ಧ ಮೀಸೆ ಇನ್ನರ್ಧವನ್ನು ಹುಡುಕುತ್ತಿತ್ತು. ಮಾವ ನಾಲಿಗೆ ಕಚ್ಚಿಕೊಂಡು, ಇನ್ನೊಂದು ಕಡೆಯದನ್ನೂ ತೆಗೆದು ಸಮ ಮಾಡಿದ. "ಬೇಜಾರ್ ಮಾಡ್ಕೋಬೇಡಿ ಅಣ್ಣಾ, ಕಾಸು ಬೇಡ. ನೋಡಿ, ನಾನ್ ಹೇಳ್ಲಿಲ್ವಾ? ಈಗ ನಿಮ್ ಹೆಂಡ್ತಿಗೂ ಗುರ್ತು ಸಿಗಲ್ಲ."

"ಪುಸ್ತಕ?"

"ಪಕ್ಕದ್ ಟೈಲರಮ್ಮನಿಗೆ ಕೊಟ್ಟೆ."

ಬಯಲಾಗಿದ್ದ ಮೇಲ್ತುಟಿಯನ್ನು ಅಂಗೈಯಿಂದ ಮುಚ್ಚಿಕೊಂಡು ಅಂಟಣ್ಣ ಪಕ್ಕದ ಅಂಗಡಿ ಹೊಕ್ಕ. ಟೈಲರಮ್ಮ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತಿದ್ದಳು. ಹಬೆಯ ಆಚೆ ಪರಿಚಿತ ಅಂಗಿಯ ಮೇಲೆ ಅಪರಿಚಿತ ಮುಖ ಕಂಡದ್ದೇ ಕಿಟಾರನೆ ಕಿರುಚಿಕೊಂಡಳು.

"ಅಮ್ಮಾ, ನಾನಮ್ಮಾ, ಲೈಬ್ರರಿ ಅಂಟಣ್ಣ!"

"ಅಯ್ಯೋ ಅಣ್ಣಾ, ನೀವಾ! ಜೀವ ಬಾಯಿಗೆ ಬಂತು." ಅವಳು ಎದೆ ನೀವಿಕೊಂಡಳು. "ಎಲ್ಲಾ ಆ ಪುಸ್ತಕದ್ದೇ ಮಹಿಮೆ. ದೆವ್ವದ ಕತೆ ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ? ಓದ್ದಾಗಿಂದ ಹಬೆ ಬಂದ್ರೆ ಸಾಕು, ಬೆಚ್ಚಿಬೀಳ್ತೀನಿ."

"ದೆವ್ವ? ಅದರಲ್ಲಿ ದೆವ್ವ ಎಲ್ಲಿಂದ ಬಂತಮ್ಮಾ?"

"ನಿಮಗೆ ಗೊತ್ತಾಗ್ಲಿಲ್ವಾ? ಬೇಕರಿ ಹುಡುಗಿ ಸತ್ತೋಗ್ತಾಳೆ ಅಣ್ಣಾ. ಓವನ್ ಬಾಗಿಲು ತೆಗೆದ್ಳಲ್ಲ, ಅದು ಸಿಡೀತು. ಬರ್ದೋರು ಬಿಡಿಸಿ ಹೇಳಿಲ್ಲ ಅಷ್ಟೆ. ಆಮೇಲೆ ಆ ಕತ್ಲೆ, ಆ ನಕ್ಷತ್ರ, ಎಲ್ಲಾ ಅವಳ ಆತ್ಮದ ಪಯಣ. ಪಾಪ, ಇಪ್ಪತ್ತು ವರ್ಷಾನೂ ತುಂಬಿರ್ಲಿಲ್ಲ." ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂಟಣ್ಣ ಆಸರೆಗೆ ಹೊಲಿಗೆ ಯಂತ್ರ ಹಿಡಿದುಕೊಂಡ. "ಈಗ ಯಾರ ಹತ್ರ ಇದೆ, ಅದೊಂದು ಹೇಳಿ."

"ನಿಮ್ ದೊಡ್ಡ ಮೇಡಂ ಹತ್ರಾನೇ! ಮೀಟಿಂಗಿಗೆ ಹಾಕ್ಕೊಳ್ಳೋ ಕೋಟು ತಗೊಂಡು ಹೋಗೋಕೆ ಬಂದಿದ್ರು. ಹೆದ್ರಿಕೆ ಹಂಚ್ಕೊಂಡ್ರೆ ಕಮ್ಮಿ ಆಗುತ್ತಲ್ಲ, ಕೊಟ್ಬಿಟ್ಟೆ. ರೈಲಲ್ಲಿ ಓದ್ತೀನಿ ಅಂದ್ರು."

ಅಂಟಣ್ಣ ವಾಪಸು ನಡೆದು ಬಂದ ದಾರಿ ಅವನಿಗೇ ನೆನಪಿರಲಿಲ್ಲ. ಲೈಬ್ರರಿಯ ಬಾಗಿಲಲ್ಲಿ ಕೌಂಟರಕ್ಕ, "ಯಾರ್ರೀ ನೀವು, ಮೆಂಬರ್‌ಶಿಪ್ ಇದೆಯಾ?" ಎಂದು ತಡೆದಳು. ಗುರುತು ಸಿಕ್ಕ ಮೇಲೆ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿದ ಮೇಲೆ, ಅವನ ಕಣ್ಣಲ್ಲಿ ನೀರು ನೋಡಿ, ಕುರ್ಚಿ ಕೊಟ್ಟು ಕೂರಿಸಿದಳು. ಅಂಟಣ್ಣ ಎಲ್ಲವನ್ನೂ ಹೇಳಿಬಿಟ್ಟ.

"ಇಲಿ ಮೇಲೆ ಹಾಕ್ಬಿಡಿ" ಎಂದಳು ಕೌಂಟರಕ್ಕ.

"ಪುಟದ ನಂಬರ್ ನೋಡ್ಕೊಂಡು ಜೋಡ್ಸೋಕೆ ಇಲಿಗೆ ಬರುತ್ತಾ ಅಕ್ಕಾ?"

"ಹಂಗಾದ್ರೆ ಕಾಲಿಗೆ ಬೀಳಿ. ಮೇಡಂ ಬಾಯಿ ಜೋರು, ಮನಸ್ಸು ಮೃದು."

ಅದೇ ಸರಿ ಎನಿಸಿತು. ಸಂಜೆ ಮೇಡಂ ಬಂದರು. ಡ್ರೈವರು ಅವರ ಹಿಂದೆಯೇ ರಟ್ಟಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ತಂದು ಇಳಿಸಿದ. ಕೂತ ಐದು ನಿಮಿಷಕ್ಕೇ ಕರೆ ಬಂತು: "ಆ ಬೈಂಡರನ್ನ ಕಳಿಸಿ!"

ಅಂಟಣ್ಣ ಒಳಗೆ ಹೋಗಿ ಕೈಮುಗಿದು ನಿಂತ. ಮೇಜಿನ ಮೇಲೆ ಬೇಕರಿ ಪುಸ್ತಕವಿತ್ತು. "ಮೇಡಂ, ತಪ್ಪು ನನ್ನ..."

"ನಿಮ್ಮದಲ್ಲ ರೀ! ಪ್ರಕಾಶಕರದು!" ಮೇಡಂ ಮೇಜು ಗುದ್ದಿದರು. "ಮೀಸೆ ಎಲ್ಲಿ? ಇರ್ಲಿ ಬಿಡಿ. ಕೇಳಿ ಇಲ್ಲಿ. ಹದಿಹರೆಯದವರ ಪುಸ್ತಕ ಅಂದ್ರೆ ನಾನು ಮೂಗು ಮುರೀತಿದ್ದೆ. ಸರ್ಕ್ಯುಲರ್ ಬಿಟ್ಟು ಬೇರೇನೂ ಓದಿದವಳಲ್ಲ. ಇದನ್ನ ಓದ್ತಾ ಓದ್ತಾ ಇಳಿಯೋ ಸ್ಟೇಷನ್ನೇ ದಾಟಿಹೋಯ್ತು! ಆ ಓವನ್ ಬಾಗಿಲು! ಆ ಆಕಾಶ! ಇಂಥ ಕಲ್ಪನೆ ಯಾರಿಗ್ರೀ ಬರುತ್ತೆ?"

ಅಂಟಣ್ಣ ಮುಗಿದಿದ್ದ ಕೈಯನ್ನು ಮೆಲ್ಲಗೆ ಇಳಿಸಿದ.

"ಎಲ್ಲಾ ಶಾಖೆಗೂ ಇರ್ಲಿ ಅಂತ ಪ್ರಕಾಶಕರ ಪುಸ್ತಕದ ಡಿಪೋಗೆ ಹೋಗಿ ಪೆಟ್ಟಿಗೆ ಪೆಟ್ಟಿಗೆ ಕೊಂಡೆ. ಅಲ್ಲೇ ಒಂದು ಬಿಡಿಸಿ ನೋಡ್ತೀನಿ, ಓವನ್ ಒಳಗೆ ಬನ್ನು! ಬರೀ ಬನ್ನು! ಆಮೇಲೆ ಮದುವೆ, ಮಗು. ಛೀ! ಪಕ್ಕದಲ್ಲೇ ಇದ್ದ ಗಗನನೌಕೆ ಪುಸ್ತಕ ತೆಗೆದ್ರೆ, ಅಲ್ಲಿದೆ ನಮ್ಮ ಕತೆಯ ಎರಡನೇ ಅರ್ಧ. ಮೆಷೀನಲ್ಲಿ ಕಟ್ಟೋವಾಗ ಅದಲುಬದಲು ಮಾಡಿಬಿಟ್ಟಿದಾರೆ! ಡಿಪೋದವನಿಗೆ ಎಲ್ಲರ ಎದುರಿಗೆ ಬೆವರಿಳಿಸಿ ಬಂದೆ. 'ನಮ್ಮಲ್ಲಿ ಒಬ್ಬರು ಬೈಂಡರ್ ಇದಾರೆ, ಬಂದು ನೋಡಿ ಕಲೀರಿ' ಅಂದೆ. ಇನ್ನು ಮೆಷೀನಿನ ಮಾತು ಎತ್ತಲ್ಲ. ಕೈಯಲ್ಲಿ ಕಟ್ಟಿದ್ದೇ ಪುಸ್ತಕ!"

ಅಂಟಣ್ಣನ ಎದೆಯ ಮೇಲಿನ ಕಲ್ಲು ಇಳಿಯಿತು. ಕೆಲಸ ಉಳಿಯಿತು! ಈಗ ಬಾಯಿಬಿಟ್ಟರೆ ಡಿಪೋದಲ್ಲಿ ಬೆವರಿಳಿಸಿದ ಮೇಡಂ ತನ್ನನ್ನು ಹುರಿದು ಮುಕ್ಕಿಯಾರು. ಅವನು ವಿನಯದಿಂದ ತಲೆಬಾಗಿ ನಿಂತ.

"ಸರಿ ಮಾಡ್ಸೋಕೆ ಬೇಕಲ್ಲ ಅಂತ ಗಗನನೌಕೆಯನ್ನೂ ಅಷ್ಟೇ ಕೊಂಡೆ. ಆ ಪೆಟ್ಟಿಗೆಗಳಲ್ಲಿ ಎರಡೂ ಪುಸ್ತಕ ಸರಿಸಮ ಇವೆ. ಎಲ್ಲಾ ಬಿಚ್ಚಿ, ಈ ಪ್ರತಿ ಹೇಗಿದೆಯೋ ಹಾಗೇ ಸರಿ ಮಾಡಿ ಕಟ್ಟಿ. ಭಾನುವಾರದೊಳಗೆ ಆಗಬೇಕು. ಒಂದೇ ಒಂದು ಪ್ರತೀಲಿ ಓವನ್ನಿಂದ ಬನ್ನು ಬಂತೋ, ಆಗ ನೋಡ್ಕೊಳ್ತೀನಿ ನಿಮ್ಮನ್ನ."

"ಆಗಲಿ ಮೇಡಂ. ಭಾನುವಾರ ಏನಿದೆ?"

"ಅಯ್ಯೋ, ಹೇಳೋದೇ ಮರೆತೆ. ಆ ಬೇಕರಿ ಕತೆ ಬರೆದ ಲೇಖಕಿ ಬರ್ತಿದಾರೆ! ಫೋನಲ್ಲಿ ನಾನೇ ಕರೆದೆ. 'ನಿಮ್ಮ ಕತೆ ಕೆಡಿಸಿದ್ರಲ್ಲಮ್ಮಾ, ನಮ್ಮವರು ಸರಿ ಮಾಡಿ ಕೊಡ್ತಾರೆ' ಅಂದೆ. ಪಾಪ, ಆಕೆಗೆ ಏನೂ ಅರ್ಥವಾಗಲಿಲ್ಲ, ಬಂದೇ ನೋಡ್ತೀನಿ ಅಂದ್ರು. ಮಕ್ಕಳೆಲ್ಲ ಇರ್ತಾರೆ. ವೇದಿಕೆ ಮೇಲೆ ಆಕೆ ಪಕ್ಕದಲ್ಲೇ ನಿಮಗೆ ಕುರ್ಚಿ. ಮೊದಲ ಪ್ರತೀನ ನೀವೇ ಆಕೆ ಕೈಗೆ ಕೊಟ್ಟು, ನಡುವಿನ ಪುಟ ಬಿಡಿಸಿ ತೋರಿಸ್ಬೇಕು."

ಅಂಟಣ್ಣ ಪೆಟ್ಟಿಗೆಯೊಂದನ್ನು ಹೊತ್ತು ಕೋಣೆಗೆ ಬಂದ. ಮೇಲಿನ ಪ್ರತಿಯನ್ನು ತೆಗೆದು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದ. ಒಂದು ಪುಟ ಹೆಚ್ಚುಕಮ್ಮಿ ಇರದ, ಒಂದು ಹೊಲಿಗೆ ತಪ್ಪಿರದ, ಅಚ್ಚುಕಟ್ಟಾದ ಪುಸ್ತಕ. ನಿಟ್ಟುಸಿರು ಬಿಟ್ಟು, ಅದರ ನಡು ಮುರಿದ.