ಅಂಜಬೇಡಿ, ಒತ್ತಿ!

"ಇನ್ನು ಈ ಮಂಗಳೂರಿನಲ್ಲಿ ಕಂಪ್ಯೂಟರ್ ಬರುವುದಿಲ್ಲ ಅಂತ ಹೇಳುವವರು ಒಬ್ಬರೂ ಉಳಿಯಬಾರದು!" ಎಂದು ಲ್ಯಾನ್ಸಿ ಡಿಸೋಜರು ಚಹಾದ ಲೋಟವನ್ನು ಮೇಜಿಗೆ ಕುಟ್ಟಿ ಶಪಥ ಮಾಡಿದರು. ಶಪಥ ಕೇಳಲು ಆ ಹೊತ್ತಿಗೆ ಅಲ್ಲಿದ್ದ ಮಂಗಳೂರಿನವರು ಒಬ್ಬರೇ, ಅವರ ಹೆಂಡತಿ ಉರ್ಸುಲಾ. ಆಕೆ ಚೆಲ್ಲಿದ ಚಹಾ ಒರೆಸಿದರು.

ಮಸ್ಕತ್ತಿನ ಕಂಪೆನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಕಡತ ಕಾದು ಕೊಡಿಯಾಲ್‌ಬೈಲಿನ ಫ್ಲ್ಯಾಟಿಗೆ ಮರಳಿದ ಮೇಲೆ ಲ್ಯಾನ್ಸಿಯವರಿಗೆ ಕಾಯಲು ಏನೂ ಉಳಿದಿರಲಿಲ್ಲ. ಖಾಲಿ ತಲೆಗೆ ಓಪನ್ ಸೋರ್ಸ್ ಹೊಕ್ಕಿತು! ಅಂದರೆ ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದಾದ, ಬುದ್ಧಿಯಿದ್ದವರು ಬಿಚ್ಚಿ ತಿದ್ದಲೂಬಹುದಾದ ತಂತ್ರಾಂಶ. ತಂತ್ರಾಂಶವೇನೋ ಎಲ್ಲರದು. ಅದರ ಕೈಪಿಡಿಗಳು ಮಾತ್ರ ಈಗಾಗಲೇ ಕಲಿತವರಿಗೆ ಅರ್ಥವಾಗುವಂಥವು. ಈ ಅನ್ಯಾಯವನ್ನು ಸರಿಪಡಿಸಲು ದೇವರು ತನ್ನನ್ನೇ ವಿಮಾನ ಹತ್ತಿಸಿ ಕಳಿಸಿದ್ದಾನೆ ಎಂದು ಲ್ಯಾನ್ಸಿಯವರು ಲುಂಗಿ ಬಿಗಿದು ಕುಳಿತರು.

ಕೈಪಿಡಿಯ ಹೆಸರು 'ಅಂಜಬೇಡಿ, ಒತ್ತಿ!'. ಲಿಬ್ರೆಆಫೀಸ್‌ ಎಂಬ ಅಂಥದೊಂದು ತಂತ್ರಾಂಶದಲ್ಲಿ ಆಮಂತ್ರಣ ಪತ್ರ ಮಾಡುವುದು ಹೇಗೆಂಬುದು ವಿಷಯ. ಒಂದು ಕಾರ್ಡು ಬರೆದು, ಜೊತೆಗೆ ಹೆಸರುಗಳ ಪಟ್ಟಿ ಕೊಟ್ಟರೆ ಸಾಕು, ಒಬ್ಬೊಬ್ಬರ ಹೆಸರಿಗೂ ಒಂದೊಂದು ಕಾರ್ಡು ತಾನಾಗಿಯೇ ತಯಾರಾಗಿ ಬೀಳುತ್ತದೆ. ಒಟ್ಟು ಇಪ್ಪತ್ಮೂರು ಹಂತ. ಹಂತ ಒಂದು: "ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ಅಲ್ಲಿ ಕುರ್ಚಿ ಇದೆಯೇ ಎಂದು ಮೊದಲು ನೋಡಿಕೊಳ್ಳಿ." ಹಂತ ಎರಡು: "ಇಲ್ಲಿ ಬರೆದದ್ದನ್ನೆಲ್ಲ ಬರೆದ ಹಾಗೆಯೇ ಮಾಡಿ. ಸ್ವಂತ ಬುದ್ಧಿ ಉಪಯೋಗಿಸಬೇಡಿ."

ಉದಾಹರಣೆಗೆ ಒಂದು ಕಾರ್ಡು ಬೇಕಾಯಿತು. ಆ ನವೆಂಬರಿಗೆ ಇವರ ಮದುವೆಗೆ ಇಪ್ಪತ್ತೈದು ತುಂಬುವುದಿತ್ತು. ಈಸ್ಟರ್ ಹಬ್ಬದಿಂದಲೂ ಉರ್ಸುಲಾ ಅದನ್ನು ನೆನಪಿಸುತ್ತಲೇ ಇದ್ದರು. "ನಾಲ್ಕು ಜನರನ್ನು ಕರೆಯುವ ಮಾರಾಯ್ರೆ. ಮದುವೆಯಾದ ಹದಿನೈದನೇ ದಿನ ನೀವು ವಿಮಾನ ಹತ್ತಿದ್ದು. ಜನರ ಎದುರು ಒಟ್ಟಿಗೆ ನಿಂತು ಒಂದು ಫೋಟೋ ಸಹ ಸರಿಯಾಗಿ ಇಲ್ಲ" ಎಂದರೆ, ಜನ ಸೇರಿದಲ್ಲಿ ಬೆವರುವ ಲ್ಯಾನ್ಸಿಯವರದು ಒಂದೇ ಉತ್ತರ: "ಮೊದಲು ಕೈಪಿಡಿ ಮುಗಿಯಲಿ!"

ಆದರೂ ಮದುವೆಯ ದಿನಾಂಕ ನೆನಪಿದೆಯೆಂದು ತೋರಿಸಿಕೊಳ್ಳುವ ಅವಕಾಶವನ್ನು ಯಾವ ಗಂಡ ಬಿಟ್ಟಾನು? ಉದಾಹರಣೆಯ ಕಾರ್ಡಿನಲ್ಲಿ ತಮ್ಮದೇ ಬೆಳ್ಳಿಹಬ್ಬ ಹಾಕಿದರು. ಸರಿಯಾದ ತಾರೀಕು, ಭಾನುವಾರ, ಹನ್ನೆರಡೂವರೆ, ಮನೆಯ ವಿಳಾಸ. ಓದುಗರ ಬಾಯಲ್ಲಿ ನೀರೂರಲೆಂದು ಸಾನ್ನಾ, ಪೋರ್ಕ್ ಬಫಾತ್, ಕೋರಿ ರೊಟ್ಟಿ, ಐಸ್‌ಕ್ರೀಮ್. ಟೋಸ್ಟ್, ಅಂದರೆ ದಂಪತಿಗೆ ಶುಭ ಕೋರುವ ಭಾಷಣ, ಹೇಳುವವರ ಜಾಗದಲ್ಲಿ ಎದುರು ಫ್ಲ್ಯಾಟಿನ ದುಗ್ಗಪ್ಪನವರ ಹೆಸರು. ಕೆಳಗೆ ಒಂದು ಚೌಕ ಖಾಲಿ ಉಳಿಯಿತು. ಅದು ಚಂದ ಕಾಣಲಿಲ್ಲ. "ಲ್ಯಾನ್ಸಿಯವರಿಂದ ಉರ್ಸುಲಾಗಾಗಿ ಒಂದು ಹಾಡು" ಎಂದು ತುಂಬಿಸಿದರು.

"ನೋಡು! ನಿನ್ನ ಬೆಳ್ಳಿಹಬ್ಬ ಅಜರಾಮರ!" ಎಂದು ಹೆಂಡತಿಗೆ ತೋರಿಸಿದರು.

"ಕಾರ್ಡು ಪುಸ್ತಕದಲ್ಲಿ. ಊಟ ಸಹ ಪುಸ್ತಕದಲ್ಲಾ?" ಎಂದು ಉರ್ಸುಲಾ ಒಳಗೆ ಹೋದರು.

ಕೈಪಿಡಿ ಅಂತರ್ಜಾಲಕ್ಕೆ ಏರಿತು. ಪುಟದ ಬುಡದಲ್ಲಿ ಒಂದು ಎಣಿಕೆಯಿತ್ತು: 'ಒಟ್ಟು ಭೇಟಿ'. ಲ್ಯಾನ್ಸಿಯವರು ಹತ್ತು ನಿಮಿಷಕ್ಕೊಮ್ಮೆ ಲ್ಯಾಪ್‌ಟಾಪ್ ತೆರೆದು ನೋಡತೊಡಗಿದರು. ಮೂವತ್ತು! ತೊಂಬತ್ತು! ನೂರಾ ಐವತ್ತು! ನೋಡಿದಾಗಲೆಲ್ಲ ಏರಿಯೇ ಇರುತ್ತಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಸಣ್ಣ ಅಕ್ಷರ ಓದುವ ಪುರುಸೊತ್ತು ದೊಡ್ಡ ಲೇಖಕರಿಗೆಲ್ಲಿ?

"ನೀನೂ ಒಮ್ಮೆ ಓದಿ ಮಾಡಿ ನೋಡು. ನನಗೆ ಏನೂ ಗೊತ್ತಿಲ್ಲದವರ ಅಭಿಪ್ರಾಯ ಬೇಕು" ಎಂದರು ಹೆಂಡತಿಗೆ. ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸುತ್ತ ಬಂದ ಹೆಂಡತಿಗೆ!

"ಆಯ್ತು. ಶಾಲೆಯ ಕಂಪ್ಯೂಟರಿನಲ್ಲಿ ಪುರುಸೊತ್ತು ಆದರೆ ನೋಡ್ತೇನೆ" ಎಂದರು ಉರ್ಸುಲಾ, ಸ್ವರವೇರಿಸದೆ. ಆ ಸ್ವರಕ್ಕೆ ಹೆದರಬೇಕೆಂದು ಇಪ್ಪತ್ತೈದು ವರ್ಷದಲ್ಲಿ ಲ್ಯಾನ್ಸಿಯವರು ಕಲಿತಿರಲಿಲ್ಲ. ಅದರಲ್ಲಿ ಇಪ್ಪತ್ತೆರಡು ವರ್ಷ ಅವರು ಊರಿನಲ್ಲೇ ಇರಲಿಲ್ಲವಲ್ಲ.

ಆ ಭಾನುವಾರ ಬಂತು. ಬೆಳಗಿನ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುವಾಗ ಮೂರು ನಾಲ್ಕು ಮಂದಿ, "ಮತ್ತೆ ಮಧ್ಯಾಹ್ನ ಸಿಗುವ, ಆಯ್ತಾ?" ಎಂದರು. ಎಂಥ ಸಭ್ಯ ಜನ ಎಂದುಕೊಂಡು ಲ್ಯಾನ್ಸಿಯವರು ತಲೆಯಾಡಿಸಿದರು. ಮನೆಗೆ ಬಂದು ಬನಿಯನು ಲುಂಗಿಯಲ್ಲಿ ಹನ್ನೊಂದನೇ ಹಂತ ತಿದ್ದುತ್ತ ಕುಳಿತರು. ಉರ್ಸುಲಾ ರೇಷ್ಮೆ ಸೀರೆ ಉಟ್ಟು, ಕಿವಿಗೆ ಮದುವೆಯ ಓಲೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅದೂ ಕಣ್ಣಿಗೆ ಬೀಳಲಿಲ್ಲ.

ಹನ್ನೆರಡೂ ಕಾಲಿಗೆ ಬಾಗಿಲ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ದುಗ್ಗಪ್ಪ, ಅವರ ಹೆಂಡತಿ ದೇಯಿ. ದೇಯಿಯ ಕೈಯಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಮಂಗಳೂರು ಮಲ್ಲಿಗೆಯ ಅಟ್ಟೆ, ದುಗ್ಗಪ್ಪನ ಕೈಯಲ್ಲಿ ನಾಲ್ಕು ಹಾಳೆ.

"ಶುಭಾಶಯ ಲ್ಯಾನ್ಸಿ ಪೊರ್ಬುಗಳೇ! ಟೋಸ್ಟು ಹೇಳಲಿಕ್ಕೆ ನನ್ನನ್ನು ಆರಿಸಿದಿರಲ್ಲ, ನಾಲ್ಕು ದಿನದಿಂದ ಕನ್ನಡಿ ಎದುರು ಪ್ರಾಕ್ಟೀಸು ಮಾರಾಯ್ರೆ. ಇವಳಿಗೆ ಬಾಯಿಪಾಠ ಬಂದಿದೆ!"

"ಯಾವ... ಎಂತ ಟೋಸ್ಟು?"

ದುಗ್ಗಪ್ಪ ಮೊಬೈಲು ಚಾಚಿದರು. ಅದರಲ್ಲಿ ಅದೇ ಕಾರ್ಡು! ಅದೇ ಬಫಾತ್! ಮೇಲೆ ಚಂದದ ಅಕ್ಷರದಲ್ಲಿ 'ಶ್ರೀ ದುಗ್ಗಪ್ಪ ಮತ್ತು ಶ್ರೀಮತಿ ದೇಯಿ ಅವರಿಗೆ'.

ಲ್ಯಾನ್ಸಿಯವರಿಗೆ ಕಾರಣ ಆ ಕ್ಷಣವೇ ಹೊಳೆಯಿತು. ಓದುಗರು ಕೈಪಿಡಿ ಓದಿದ್ದಾರೆ! ಬರೆದದ್ದನ್ನು ಬರೆದ ಹಾಗೆಯೇ ಮಾಡಿದ್ದಾರೆ! ಸ್ವಂತ ಬುದ್ಧಿ ಉಪಯೋಗಿಸಿಲ್ಲ! ಕಡೆಯ ಹಂತದ "ಪರಿಚಿತರಿಗೆಲ್ಲ ಕಳುಹಿಸಿ" ಎಂಬುದನ್ನೂ ಬಿಟ್ಟಿಲ್ಲ!

ಒಳಗೆ ಓಡಿ ಪುಟ ತೆರೆದರು. ಒಟ್ಟು ಭೇಟಿ ನಾನೂರಾ ಹದಿನೆಂಟು! "ಸಾಯ್ಬಾ ಬೊಗೊಸ್!" ಎಂದು ದೇವರ ಕ್ಷಮೆ ಬೇಡಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಒಬ್ಬೊಬ್ಬ ಓದುಗ ನಾಲ್ಕು ಮಂದಿಗೆ ಕಳಿಸಿದರೂ ಸಾವಿರದ ಆರುನೂರು ಊಟ! ಅಡಿಗೆಮನೆಯಲ್ಲಿ ನಿನ್ನೆಯ ಸಾರು ಅರ್ಧ ಪಾತ್ರೆ ಇತ್ತು.

ವಾಚ್‌ಮನ್ ಮೋಹನದಾಸನ ಫೋನು ಬಂತು. "ಸರ್, ಕಾರು ಇಡಲಿಕ್ಕೆ ಜಾಗ ಇಲ್ಲ. ರಸ್ತೆಯವರೆಗೆ ನಿಂತಿದ್ದಾವೆ. ಎಂತ ಮಾಡುವುದು?"

"ಗೇಟು ಮುಚ್ಚು! ಮನೆ ಖಾಲಿ ಮಾಡಿದ್ದಾರೆ ಅಂತ ಹೇಳು!"

"ನೀವು ಕಿಟಕಿಯಲ್ಲಿ ಕಾಣ್ತಾ ಇದ್ದೀರಿ ಸರ್."

ಜನ ಬಂದೇ ಬಂದರು. ಗುಂಪುಗುಂಪಾಗಿ, ಅತ್ತರು ಹಚ್ಚಿಕೊಂಡು, ಹೂಗುಚ್ಛ ಹಿಡಿದುಕೊಂಡು! ಅವರೆಲ್ಲ ನೆಂಟರು, ಗೆಳೆಯರು, ಪರಿಚಿತರೇ ಎಂಬುದನ್ನು ಲ್ಯಾನ್ಸಿಯವರು ಗಮನಿಸದೆ ಇರಲಿಲ್ಲ. ಒಳ್ಳೆಯ ಗ್ರಂಥ ಮೊದಲು ಹತ್ತಿರದವರಲ್ಲೇ ಹರಡುತ್ತದೆ ಎಂದು ಅದಕ್ಕೂ ಒಂದು ಕಾರಣ ಕೊಟ್ಟುಕೊಂಡರು. ಆಗ ಹೆದರಿಕೆಯ ಸಂದಿಯಿಂದ ಹೆಮ್ಮೆ ಮೆಲ್ಲನೆ ತಲೆಯೆತ್ತಿತು. ಇಷ್ಟು ಜನ! ತಾನು ಬರೆದದ್ದನ್ನು ಓದಿ! ಬನಿಯನಿನ ಮೇಲೆ ಅಂಗಿ ಏರಿಸಿ ಬಾಗಿಲಿಗೆ ಬಂದು ನಿಂತರು.

ಉರ್ಸುಲಾರ ತಮ್ಮ ರೂಬನ್, ಹೆಂಡತಿ ಜಾನೆಟ್ ಜೊತೆ ಏದುಸಿರು ಬಿಡುತ್ತ ಬಂದ.

"ರೂಬನ್, ನಿಜ ಹೇಳು. ನಡುವೆ ಎಲ್ಲಿಯಾದರೂ ಸಿಕ್ಕಿಹಾಕಿಕೊಂಡೆಯಾ?"

"ಹೌದು ಭಾವ! ಪಿವಿಎಸ್ ಸರ್ಕಲಿನಲ್ಲಿ ಇಪ್ಪತ್ತು ನಿಮಿಷ!"

"ಅದಲ್ಲ ಮಾರಾಯ, ಹಂತ ಹನ್ನೆರಡರ ನಂತರ?"

ರೂಬನ್ ಅಕ್ಕನ ಕಡೆ ನೋಡಿ, "ಭಾವ ಈಗಲೇ ಶುರು ಮಾಡಿದ್ದಾರಾ?" ಎಂದು ಹೆಬ್ಬೆರಳನ್ನು ಬಾಯಿಗೆ ಎತ್ತಿ ತೋರಿಸಿದ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಘಮಘಮ ಪರಿಮಳ. ಅಡಿಗೆಯ ಜೆರೋಮ್, ಇಬ್ಬರು ಆಳುಗಳೊಂದಿಗೆ ದೊಡ್ಡ ದೊಡ್ಡ ಪಾತ್ರೆಗಳನ್ನು ಹೊರಿಸಿಕೊಂಡು ಮೇಲೆ ಹತ್ತುತ್ತಿದ್ದ. ಲ್ಯಾನ್ಸಿಯವರ ಕಣ್ಣು ತುಂಬಿ ಬಂತು. ಎಂಥ ಓದುಗರು! ಊಟವನ್ನೂ ಅವರೇ ತಂದಿದ್ದಾರೆ!

"ಜೆರೋಮ್, ನೀನೂ ಓದಿದೆಯಾ?"

"ಎಂತದು ಸರ್? ಮೇಡಂ ವಾರದ ಹಿಂದೆ ಹೇಳಿದ್ದು, ಇನ್ನೂರು ಜನಕ್ಕೆ. ಟೆರೇಸಿನಲ್ಲಿ ಬೆಳಿಗ್ಗೆಯೇ ಕುರ್ಚಿ ಹಾಕಿ ಆಗಿದೆ."

ಲ್ಯಾನ್ಸಿಯವರು ನಿಧಾನವಾಗಿ ತಿರುಗಿದರು. ಆ ರೇಷ್ಮೆ ಸೀರೆ ಆಗ ಕಂಡಿತು. ಓಲೆ ಕಂಡಿತು. ಜಡೆಗೆ ಅದಾಗಲೇ ಏರಿದ್ದ ದೇಯಿಯ ಮಲ್ಲಿಗೆಯೂ ಕಂಡಿತು.

"ಇದು... ನೀನಾ?"

"ನೀವೇ ಅಲ್ವಾ ಓದಿ ಮಾಡಿ ನೋಡು ಅಂತ ಹೇಳಿದ್ದು? ಮಾಡಿ ನೋಡಿದೆ. ಚಂದ ಬಂತು. ಹದಿನೇಳನೇ ಹಂತದಲ್ಲಿ ಬರೆದಿದ್ದೀರಿ, 'ಪಟ್ಟಿಗೆ ಹೆಸರುಗಳನ್ನು ಎಷ್ಟು ಬೇಕಾದರೂ ಸೇರಿಸಿ, ತಂತ್ರಾಂಶಕ್ಕೆ ಸುಸ್ತಾಗುವುದಿಲ್ಲ' ಅಂತ. ತೊಂಬತ್ತೆರಡು ಸೇರಿಸಿದೆ. ಸುಸ್ತಾಗಲಿಲ್ಲ."

"ಅದು ಬರೀ ಉದಾಹರಣೆ!"

"ಎರಡನೇ ಹಂತ ಓದಲಾ?"

ಲ್ಯಾನ್ಸಿಯವರು ಕಡೆಯ ಆಸರೆಯಾಗಿ ಲ್ಯಾಪ್‌ಟಾಪ್ ಹಿಡಿದುಕೊಂಡರು. "ಹಾಗಾದರೆ ಈ ನಾನೂರಾ ಹದಿನೆಂಟು?"

ಉರ್ಸುಲಾ ಕನ್ನಡಕ ಏರಿಸಿ ಕೆಳಗಿನ ಸಣ್ಣ ಅಕ್ಷರದ ಸಾಲಿಗೆ ಬೆರಳಿಟ್ಟರು. 'ಓದುಗರು: 2'.

"ಹತ್ತು ನಿಮಿಷಕ್ಕೊಮ್ಮೆ ಇಣುಕಿದ್ದು ಒಬ್ಬ. ಅದು ನೀವು. ಇನ್ನೊಬ್ಬಳು ನಾನು. ಗಣಿತ ಸರಿ ಉಂಟಲ್ಲ?"

ಲ್ಯಾನ್ಸಿಯವರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಾನೂರು ಮಂದಿ ಅಂದುಕೊಂಡದ್ದು ಇಬ್ಬರಾದರಲ್ಲ ಎಂಬ ಅವಮಾನ ಒಂದು ಕಡೆ. ಇಪ್ಪತ್ಮೂರು ಹಂತಗಳನ್ನೂ, ಕುರ್ಚಿ ನೋಡಿಕೊಳ್ಳುವುದರಿಂದ ಹಿಡಿದು, ಒಂದನ್ನೂ ಬಿಡದೆ ಓದಿದವಳು ಎದುರಿಗೇ ನಿಂತಿದ್ದಾಳಲ್ಲ ಎಂಬ ಸಂಕೋಚ ಇನ್ನೊಂದು ಕಡೆ. ಅವಳು ಕೇಳಿದ್ದ ಒಂದು ಫೋಟೋ ಮಾತ್ರ ಆರು ತಿಂಗಳಿಂದ ಬಾಕಿ. ನಿಜಕ್ಕೂ ನಾಚಿಕೆಯಾಯಿತು. ಪ್ಯಾಂಟು ಕೋಟು ಹಾಕಿಕೊಂಡು, ಹೆಂಡತಿಯ ಕೈ ಹಿಡಿದು ಟೆರೇಸು ಹತ್ತಿದರು.

ದುಗ್ಗಪ್ಪನವರ ಟೋಸ್ಟು ಇಪ್ಪತ್ತು ನಿಮಿಷ ನಡೆಯಿತು. ಮರೆತಲ್ಲೆಲ್ಲ ದೇಯಿ ಹೇಳಿಕೊಟ್ಟರು. ಫೋಟೋ ತೆಗೆದರು. ಬಳಿಕ ತೊಂಬತ್ತೆರಡು ಮೊಬೈಲುಗಳಲ್ಲಿ ತೊಂಬತ್ತೆರಡು ಕಾರ್ಡು ಮೇಲೆದ್ದವು. "ಹಾಡು! ಕಾರ್ಡಿನಲ್ಲಿ ಉಂಟು! ಹಾಡು!"

ಖಾಲಿ ಚೌಕವನ್ನು ಖಾಲಿಯೇ ಬಿಡಬಾರದಿತ್ತೇ? ಲ್ಯಾನ್ಸಿಯವರು ಬೆವರು ಒರೆಸಿ, ಹಳೆಯ ಕೊಂಕಣಿ ಹಾಡೊಂದನ್ನು ಎತ್ತಿಕೊಂಡರು. ಟೆರೇಸಿನ ಕಾಗೆಗಳು ಎದ್ದು ಹೋದವು. ಎರಡನೇ ಸಾಲಿಗೆ ಪದ ಮರೆಯಿತು, ಮೂರನೆಯದಕ್ಕೆ ರಾಗ. ಉರ್ಸುಲಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಾಗೆ ನಕ್ಕದ್ದನ್ನು ಲ್ಯಾನ್ಸಿಯವರು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ಇನ್ನೊಂದು ಚರಣವನ್ನೂ ಕೆಡಿಸಿಯೇ ಕುಳಿತರು.

ಊಟದ ಹೊತ್ತಿಗೆ ರೂಬನ್ ತಟ್ಟೆ ಹಿಡಿದು ಪಕ್ಕಕ್ಕೆ ಸರಿದು ಬಂದ. "ಭಾವ, ಎಂಥದೋ ಕೈಪಿಡಿ ಬರೆದಿದ್ದೀರಂತೆ?"

ಲ್ಯಾನ್ಸಿಯವರ ಎದೆ ಮತ್ತೆ ಉಬ್ಬಿತು. "ಹೌದು! ನಿನಗೂ ಲಿಂಕ್ ಬೇಕಾ?"

"ದೇವರಾಣೆ ಬೇಡ! ಬರುವ ತಿಂಗಳು ನಮ್ಮದು ಇಪ್ಪತ್ತು ವರ್ಷ. ಮನೆಯಲ್ಲೇ ಗಂಜಿ ಉಂಡು ಮಲಗುವ ಅಂತ ಇದ್ದೇನೆ. ದಯವಿಟ್ಟು ಅದು ಜಾನೆಟ್ ಕೈಗೆ ಸಿಗದ ಹಾಗೆ ನೋಡಿಕೊಳ್ಳಿ, ನಿಮ್ಮ ಕಾಲಿಗೆ ಬೀಳ್ತೇನೆ!"

ಲ್ಯಾನ್ಸಿಯವರು ಟೆರೇಸಿಗೂ ತರಿಸಿಕೊಂಡು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು.

'ಓದುಗರು: 3'.