ಸಯನ್ ಸಿದ್ಧೇಶನ ಹಾಡಿಗೆ ಹಾಕಿದ ಬೇಲಿ

ನಾನು ಒಂದೇ ಒಂದು ಹಾಡು ಬರೆದವನು. ಅದರ ಭದ್ರತೆಯ ವಿಷಯದಲ್ಲಿ ನನಗೆ ಎಳ್ಳಷ್ಟೂ ಚಿಂತೆ ಇರಲಿಲ್ಲ. ದಾಸರು, ಶರಣರು ಯಾವ ಕಚೇರಿಗೆ ಹೋಗಿ ಹಾಡು ನೋಂದಾಯಿಸಿದ್ದರು? ಕೊನೆಯ ನುಡಿಯಲ್ಲಿ ಅಂಕಿತ ಹಾಕಿದರು, ಮುಗಿಯಿತು! ನಾನೂ ಹಾಕಿದೆ: ‘ಸಯನ್ ಸಿದ್ಧೇಶ’. ಮನೆ ಇರುವುದು ಸಯನ್‌ನಲ್ಲಿ, ಮನೆದೇವರು ಸಿದ್ಧೇಶ. ಇಷ್ಟು ಗಟ್ಟಿ ಅಂಕಿತವನ್ನು ಯಾರು ಅಲ್ಲಾಡಿಸಿಯಾರು ಎಂದುಕೊಂಡಿದ್ದೆ.

ಹಾಡು ಹುಟ್ಟಿದ್ದು ಲೋಕಲ್ ರೈಲಿನಲ್ಲಿ. ಮೂವರ ಸೀಟಿನ ತುದಿಗೆ ನಾಲ್ಕನೆಯವನಾಗಿ ಅರ್ಧ ದೇಹ ತೂರಿಸಿ, ಉಳಿದರ್ಧವನ್ನು ಗಾಳಿಗೆ ಬಿಟ್ಟು ಕೂತಿದ್ದಾಗ ಪಲ್ಲವಿ ಹೊಳೆಯಿತು: ‘ಚೂರು ಸರಿಯೋ ತಂದೆ, ನಾನೂ ಕೂಡುವೆ, ನಿನ್ನ ಮಗ್ಗುಲಲ್ಲಿ ಜಾಗ ಬೇಡುವೆ’. ಹಾರ್ಮೋನಿಯಂ ಪಾಠ ಹೇಳಿ ಬದುಕುವವನಾದ್ದರಿಂದ ಮನೆ ಮುಟ್ಟುವಷ್ಟರಲ್ಲಿ ಧಾಟಿಯೂ ಕೂಡಿಬಂತು. ಹೆಂಡತಿ ಗಂಗೂ ಹಾಡಿದಳು, ನಾನು ಪೆಟ್ಟಿಗೆ ನುಡಿಸಿದೆ. ಮೊಬೈಲಿನಲ್ಲಿ ವಿಡಿಯೊ ಮಾಡಿ ಅವಳ ಹೆಸರಿನ ಪುಟ್ಟ ಚಾನೆಲ್ಲಿಗೆ ಏರಿಸಿದೆವು. ನನಗಿದ್ದದ್ದು ಒಂದೇ ಆಸೆ. ತುಂಬಿದ ಸಭೆಯಲ್ಲಿ, ಗುರುತು ಪರಿಚಯ ಇಲ್ಲದವರ ಬಾಯಲ್ಲಿ, ನನ್ನ ಅಂಕಿತ ಒಂದು ಸಲ ಕೇಳಬೇಕು!

ಒಂದು ದಿನ ಗಂಗೂ ಮೊಬೈಲು ಹಿಡಿದು ಅಡುಗೆಮನೆಯಿಂದ ಓಡಿಬಂದಳು.

“ಏ ನೋಡ್ರಿ ಇಲ್ಲೆ! ನಿಮ್ಮ ಹಾಡು ಮಲಾಡದಾಗ ಹಾಡಾಕತ್ತಾರ!”

ನಿಜ. ಮಲಾಡಿನ ಯಾವುದೋ ಮಹಿಳಾ ಭಜನಾ ಮಂಡಳಿ ತಾಳ ಹಾಕಿ, ತಲೆದೂಗಿ ನನ್ನ ಹಾಡು ಹಾಡುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಕೊನೆಯ ನುಡಿಗಾಗಿ ಕಾದೆ. ಅಂಕಿತ ಬಂತು. ‘ಮಲಾಡ್ ಮಾಧವ’!

ನನ್ನ ಮೈಯೆಲ್ಲ ಉರಿದುಹೋಯಿತು. ಮರುದಿನವೇ ದಾದರಿನಲ್ಲಿ ಗಾಡಿ ಬದಲಿಸಿ ಮಲಾಡಿಗೆ ಹೋಗಿ ಇಳಿದೆ. ಮಂಡಳಿಯ ಮುಖ್ಯಸ್ಥೆ ಸುಗಂಧಿಯಕ್ಕ ಉಡುಪಿಯ ಕಡೆಯವರು. ದಾರಿಯುದ್ದಕ್ಕೂ ಉರುಹೊಡೆದಿದ್ದ ನನ್ನ ಭಾಷಣವನ್ನು ಅವರು ಪೂರ್ತಿ ಕೇಳಿ ಕಣ್ಣರಳಿಸಿದರು.

“ಅಯ್ಯೋ ದೇವರೇ, ಅದು ನಿಮ್ಮದಾ? ಯಾರೋ ಹಳೇ ದಾಸರದ್ದು ಅಂತ ಮಾಡಿದ್ದೆವು ಮಾರಾಯ್ರೇ! ನೀವು ಇನ್ನೂ ಇದ್ದೀರಾ?”

ಇದ್ದೇನೆ ಎಂದೆ. ಬೇರೇನು ಹೇಳಲಿ?

“ನಮ್ಮದು ಕೃಷ್ಣನ ಭಜನೆ ಅಲ್ವಾ, ಸಿದ್ಧೇಶ ಅಂದ್ರೆ ಹೇಗೆ ಅಂತ ಬದಲಿಸಿದ್ದು. ಬೇಜಾರು ಮಾಡ್ಬೇಡಿ. ಬರುವ ತಿಂಗಳು ನಮ್ಮ ವಾರ್ಷಿಕೋತ್ಸವ ಉಂಟು. ನಿಮ್ಮ ಅಂಕಿತದಲ್ಲೇ ಹಾಡ್ತೇವೆ. ನೀವೂ ನಿಮ್ಮ ಹೆಂಡತಿಯೂ ಬರ್ಲೇಬೇಕು,” ಎಂದು ಸುಗಂಧಿಯಕ್ಕ ನೀರುದೋಸೆ ಬಡಿಸಿದರು.

ಬುದ್ಧಿ ಇದ್ದವನಾಗಿದ್ದರೆ ದೋಸೆ ತಿಂದು, ಮನೆಗೆ ಬಂದು ಹಾಯಾಗಿ ಮಲಗುತ್ತಿದ್ದ. ನಾನು ಮಲಗಲಿಲ್ಲ.

“ಅವರು ಒಪ್ಪಿದ್ರಲ್ರಿ, ಮುಗೀತಲ್ಲ. ಬಿಡ್ರಿ ಇನ್ನ,” ಎಂದಳು ಗಂಗೂ.

“ಹೆಂಗ ಬಿಡ್ಲಿ? ಇವತ್ತ ಮಲಾಡ್ ಮಾಧವ ಬಂದ. ನಾಳೆ ಮುಲುಂಡ್ ಮುಕುಂದ ಬರ್ತಾನ! ಹಾಡಿಗೆ ಕಾನೂನಿನ ಬೇಲಿ ಹಾಕಾಕ ಬೇಕು!”

ಬೇಲಿ ಹಾಕುವ ಕೆಲಸಕ್ಕೆ ಪವಾಯಿಯಲ್ಲಿ ಐಟಿ ನೌಕರಿ ಮಾಡುವ ಮಗಳು ಪ್ರಾಚಿಯನ್ನು ಕರೆಸಿದೆ. ಅವಳು ಲ್ಯಾಪ್‌ಟಾಪ್ ತೆರೆದು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ವಿವರಿಸಿದಳು.

“ಪಪ್ಪಾ, ಸಾಹಿತ್ಯದ ಹಕ್ಕು ಅಲಗ್, ಟ್ಯೂನ್‌ದು ಅಲಗ್, ರೆಕಾರ್ಡಿಂಗ್‌ದು ಅಲಗ್. ಯಾರ್ದು ಯಾವ್ದು?”

“ಎಲ್ಲಾ ನಂದು!”

“ಹಾಡಿದಾಕಿ ನಾನು,” ಎಂದಿತು ಅಡುಗೆಮನೆ.

“ಅದೂ ನಂದ!” ಎಂದೆ.

“ಓಕೆ. ಹಾಡಿನ ಹಕ್ಕು ಕಾಯೋ ಈ ಕಂಪನಿ ಹತ್ರ ರಿಜಿಸ್ಟರ್ ಮಾಡಿದ್ರೆ ಕಂಪ್ಯೂಟರ್ ಅಪ್ನೇ ಆಪ್ ಹುಡುಕ್ತದೆ, ಯಾರು ಹಾಡಿದ್ರು ಅಂತ. ಟ್ಯೂನ್ ಕೂಡ ಪಕಡ್ತದೆ. ಆಮೇಲೆ ಹಾಡ್ಲಿ ಅಂತ ಬಿಡಬಹುದು. ಇಲ್ಲ, ಹಾಡ್ಲಿ, ಜಾಹೀರಾತಿನ ಗಳಿಕೆ ನಮಗೆ ಬರ್ಲಿ ಅನ್ನಬಹುದು. ಇಲ್ಲಾಂದ್ರೆ ಬ್ಲಾಕ್.”

“ಬ್ಲಾಕ್!”

“ಪಪ್ಪಾ, ಸೋಚ್ ಲೋ. ಎಲ್ಲಿ ಬ್ಲಾಕ್?”

“ಜಗತ್ತಿನ ತುಂಬ!”

ಪ್ರಾಚಿ ನಿಟ್ಟುಸಿರು ಬಿಟ್ಟು ಗುಂಡಿ ಒತ್ತಿದಳು. ಮಾಲೀಕರ ಪತ್ರವ್ಯವಹಾರಕ್ಕೆಂದು ಹೊಸ ಇಮೇಲ್ ತೆರೆಸಿದೆ. ಪಾಸ್‌ವರ್ಡನ್ನು ಮಾತ್ರ ನಾನೇ, ಮಗಳಿಗೂ ಬೆನ್ನು ತಿರುಗಿಸಿ, ಯಾರ ಊಹೆಗೂ ನಿಲುಕದ ಹಾಗೆ ಇಟ್ಟೆ.

ಯಂತ್ರ ಬಲು ನಿಷ್ಠೆಯದು. ಮೊದಲು ಮಲಾಡ್ ಮಾಧವ ಮಾಯವಾದ. ನಾನು ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದೆ. ಆಮೇಲೆ ವಿಜಯಪುರದಿಂದ ಗಂಗೂನ ಅಣ್ಣ ಫೋನು ಮಾಡಿ, ತನ್ನ ಹೊಸ ಮನೆಯ ವಾಸ್ತುಶಾಂತಿಯ ವಿಡಿಯೊ ಬಂದ್ ಆಗಿದೆ ಎಂದು ಬೈದ. ಅಲ್ಲಿ ಯಾರೋ ನನ್ನ ಹಾಡು ಹಾಡಿದ್ದರಂತೆ. ಕಾನೂನಿಗೆ ಬೀಗರು ನೆಂಟರು ಎಂಬುದಿಲ್ಲ ಎಂದು ನಾನು ಗಂಭೀರವಾಗಿ ಉತ್ತರಿಸಿದೆ.

ಆ ಗಾಂಭೀರ್ಯ ಸಂಜೆಯವರೆಗೂ ಉಳಿಯಲಿಲ್ಲ. ಪಕ್ಕದ ಮನೆಯ ಕುಲಕರ್ಣಿಬಾಯಿಗೆ ತನ್ನ ಹಾಡು ತೋರಿಸಲು ಗಂಗೂ ಮೊಬೈಲು ತೆರೆದಳು. ಪರದೆಯ ಮೇಲೆ ಗಂಗೂನ ಬಾಯಿ ತೆರೆಯಿತು, ಮುಚ್ಚಿತು. ನನ್ನ ಬೆರಳು ಪೆಟ್ಟಿಗೆಯ ಮೇಲೆ ಓಡಾಡಿತು. ಸದ್ದೇ ಇಲ್ಲ! ಕೆಳಗೆ ಒಂದು ಸಾಲು: ‘ಹಕ್ಕುದಾರರ ದೂರಿನ ಮೇರೆಗೆ ಧ್ವನಿಯನ್ನು ತೆಗೆಯಲಾಗಿದೆ.’

“ಯಾರ‍್ರೀ ಈ ಹಕ್ಕುದಾರ?”

“ನಾನು,” ಎಂದೆ.

“ಮಲಾಡದವರು ಬರೇ ನಿಮ್ಮ ಹೆಸರು ತಗದಿದ್ರು. ನೀವು ನನ್ನ ದನೀನ ತಗದ್ರಲ್ರಿ!”

ಅವಳ ಕಣ್ಣಲ್ಲಿ ನೀರಿತ್ತು. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕುಲಕರ್ಣಿಬಾಯಿ ಹಾಲು ಒಲೆಯ ಮೇಲಿದೆ ಎಂದು ಎದ್ದುಹೋದರು.

ಹೆಂಡತಿಯ ದನಿಯನ್ನು ಮರಳಿ ತಂದೇ ತೀರುತ್ತೇನೆ ಎಂದು ಶಪಥ ಮಾಡಿ, ಅವಳ ಚಾನೆಲ್ಲಿನಿಂದಲೇ ಮೇಲ್ಮನವಿ ಹಾಕಿದೆ. ತಕ್ಷಣ ಉತ್ತರ ಬಂತು: ‘ನಿಮ್ಮ ಅರ್ಜಿಯನ್ನು ಹಾಡಿನ ಮಾಲೀಕರಿಗೆ ಕಳುಹಿಸಲಾಗಿದೆ. ಅವರ ಉತ್ತರಕ್ಕಾಗಿ ದಯವಿಟ್ಟು ಕಾಯಿರಿ.’

ಮಾಲೀಕ ನಾನೇ ತಾನೆ? ನಗುತ್ತ ಇಮೇಲ್ ತೆರೆಯಲು ಹೋದೆ. ತೆರೆಯಲಿಲ್ಲ. ಯಾರ ಊಹೆಗೂ ನಿಲುಕದ ಪಾಸ್‌ವರ್ಡು ನನ್ನ ಊಹೆಗೂ ನಿಲುಕಲಿಲ್ಲ! ಸಿದ್ಧೇಶ ಹೊಡೆದೆ, ಗಂಗೂ ಹೊಡೆದೆ, ಸರಿಗಮಪ ಹೊಡೆದೆ. ಕೊನೆಗೆ ಸಿಟ್ಟು ಬಂದು ಮಲಾಡ್ ಮಾಧವನನ್ನೂ ಹೊಡೆದೆ. ಮಗಳು ಕಂಪನಿಗೆ ಬರೆದಳು. ಮಾಲೀಕರ ಇಮೇಲಿನಿಂದಲೇ ಬರೆಯಬೇಕು ಎಂದು ಉತ್ತರ ಬಂತು. ಗಂಗೂ ದಿನಾ ಊಟ ಬಡಿಸುವಾಗ, “ಏನಂದ್ರು ಮಾಲೀಕರು?” ಎಂದು ವಿಚಾರಿಸತೊಡಗಿದಳು.

ಅಷ್ಟರಲ್ಲಿ ಮಲಾಡಿನ ವಾರ್ಷಿಕೋತ್ಸವ ಬಂತು. ಸಭಾಂಗಣ ತುಂಬಿತ್ತು. ನಾವು ಎರಡನೆಯ ಸಾಲಿನಲ್ಲಿ ಕೂತೆವು. ಸುಗಂಧಿಯಕ್ಕ ಮೈಕು ಹಿಡಿದರು.

“ಮುಂದಿನದು ‘ಚೂರು ಸರಿಯೋ ತಂದೆ’. ಇದನ್ನು ನಾವು ಹಾಡುವುದಿಲ್ಲ. ನಮ್ಮ ಚಾನೆಲ್ಲಿಗೆ ಎಚ್ಚರಿಕೆ ಬಂದಿದೆ. ಹಾಡಿನ ಹಕ್ಕುದಾರರಾದ ಸಯನ್ ಸಿದ್ಧೇಶರು ಇಲ್ಲೇ ಇದ್ದಾರೆ. ಅವರಿಗೊಂದು ಜೋರು ಚಪ್ಪಾಳೆ!”

ಭಾರೀ ಚಪ್ಪಾಳೆ ಬಿತ್ತು. ತುಂಬಿದ ಸಭೆಯಲ್ಲಿ ನನ್ನ ಅಂಕಿತ ಸ್ಪಷ್ಟವಾಗಿ ಕೇಳಿತು. ಹಾಡೊಂದು ಕೇಳಲಿಲ್ಲ, ಅಷ್ಟೇ.

ನನಗೆ ತಡೆಯಲಾಗಲಿಲ್ಲ. “ಹಾಡೇ ಹಾಡ್ತೀವಿ!” ಎಂದು ಎದ್ದುನಿಂತೆ. ಗಂಗೂನ ಕೈ ಹಿಡಿದು ವೇದಿಕೆಗೆ ಎಳೆದೊಯ್ದೆ, ಹಾರ್ಮೋನಿಯಂ ಮುಂದೆ ಕೂತೆ. ಒಲ್ಲೆ ಒಲ್ಲೆ ಎನ್ನುತ್ತಲೇ ಅವಳು ಪಲ್ಲವಿ ಎತ್ತಿಕೊಂಡಳು. ಎಷ್ಟೋ ದಿನದ ಮೇಲೆ ಆ ದನಿ ಕೇಳಿ ನಾನು ಪೆಟ್ಟಿಗೆಯನ್ನು ಇನ್ನಷ್ಟು ಜೋರಾಗಿ ನುಡಿಸಿದೆ. ಸಭೆಗೆ ಸಭೆಯೇ ದನಿಗೂಡಿಸಿತು. ಇನ್ನೇನು ಕೊನೆಯ ನುಡಿ ಬರಬೇಕು, ಮೊಬೈಲಿನಿಂದ ನೇರಪ್ರಸಾರ ಮಾಡುತ್ತಿದ್ದ ಹೆಂಗಸು ಚೀರಿದಳು.

“ಅಕ್ಕಾ, ಲೈವ್ ನಿಂತುಹೋಯ್ತು! ಹಕ್ಕುದಾರರ ದೂರು ಅಂತ ಬರ್ತಾ ಉಂಟು!”

ಹಾಡು ನಿಂತಿತು. ಸುಗಂಧಿಯಕ್ಕ ಸೆರಗು ಸಾವರಿಸಿಕೊಳ್ಳುತ್ತ ಓಡಿಬಂದರು.

“ಎಂಥದು ಮಾರಾಯ್ರೇ ಇದು! ಹಾಡ್ಲಿಕ್ಕೆ ಮಾಲೀಕರ ಪರ್ಮಿಷನ್ ತಗೊಂಡಿದ್ದೀರಾ, ಇಲ್ವಾ?”

“ಅರ್ಜಿ ಹಾಕೀವ್ರಿ,” ಎಂದೆ ತಲೆ ತಗ್ಗಿಸಿ. “ಇನ್ನೂ ಉತ್ತರ ಬಂದಿಲ್ಲ.”

ಗಂಗೂ ಮೈಕಿನ ಹತ್ತಿರ ಬಾಗಿದಳು. ಮೈಕು ಚಾಲೂ ಇತ್ತು.

“ಬರೂದೂ ಇಲ್ಲ ಬಿಡ್ರಿ ಅಕ್ಕಾರ. ಆ ಮಾಲೀಕ ಭಾಳ ಸೊಕ್ಕಿನ ಮನಶ್ಯಾ. ನಾ ಅವನ ಕೂಡ ಸಂಸಾರ ಮಾಡೇನಿ!”