ಮಿಷನ್ನಿಗೆ ಬಂದ ಕಣ್ಣು

ಸೆನ್ಸರ್ ಕಂಡುಹಿಡಿದವರು ನಮ್ಮ ಜನರನ್ನೊಂದು ಬಿಟ್ಟು ಉಳಿದೆಲ್ಲವನ್ನೂ ಯೋಚಿಸಿದ್ದಾರೆ. ಹಾಗಾಗಿ ಅದರ ಜೊತೆ ಬರುವ ಪುಸ್ತಕದಲ್ಲಿ ಇಲ್ಲದ್ದೆಲ್ಲ ನನ್ನೆದುರಿಗೇ ನಡೆಯುತ್ತ ಬಂತು. ತೊಂಬತ್ತರ ದಶಕದ ಕೊನೆಗೆ ನಂಜನಗೂಡು ಪಕ್ಕದ ತಾಂಡ್ಯದಲ್ಲಿ, ತಗಡು ಒತ್ತುವ ಒಂದು ಕಾರ್ಖಾನೆಯಲ್ಲಿ ನಾನು ಮೆಕ್ಯಾನಿಕ್. ಸೆನ್ಸರ್ ಕೂರಿಸುವುದು, ಕೆಟ್ಟರೆ ಬಿಚ್ಚುವುದು ನನ್ನ ಕೆಲಸ. ಕಾರ್ಮಿಕರು ಆ ಹೆಸರನ್ನು ಒಪ್ಪಲಿಲ್ಲ. ಅವರ ಪಾಲಿಗೆ ಅದು 'ಕಣ್ಣು'.

ಕಣ್ಣು ಬರುವ ಮೊದಲು ಪ್ರೆಸ್ ಮಿಷನ್ನಿನಲ್ಲಿ ಒಬ್ಬರ ಬಲಗೈಯ ಬೆರಳುಗಳು ಹೋಗಿದ್ದವು. ಅವರನ್ನು ಗೇಟು ಕಾಯಲು ಹಾಕಿದ್ದರು. ದಿನಾ ಬೆಳಿಗ್ಗೆ ಎಡಗೈಯಲ್ಲಿ ನಮಗೆ ಸಲಾಂ ಹೊಡೆಯುತ್ತಿದ್ದರು. ಅವರ ಜಾಗಕ್ಕೆ ಬಂದವರು ಹೆಮ್ಮಿಗೆ ಊರಿನ ಒಬ್ಬ ಹಿರಿಯರು. ಇವರ ಕೈಯಾದರೂ ಉಳಿಯಬೇಕು ಎಂದು ನನಗೆ ಹಠವೇ ಹಿಡಿದಿತ್ತು.

ಕೈ ಕಂಡರೆ ನೀರು

ಮೊದಲ ಕಣ್ಣು ಬಂದದ್ದು ಕ್ಯಾಂಟೀನಿನ ನಲ್ಲಿಗೆ. ಕೈ ಒಡ್ಡಿದರೆ ನೀರು ಬರಬೇಕು, ತೆಗೆದರೆ ನಿಲ್ಲಬೇಕು. ಇದರಿಂದ ನೀರು ಉಳಿಯುತ್ತದೆ ಎಂದು ಮ್ಯಾನೇಜರು ಎಲ್ಲರನ್ನೂ ನಿಲ್ಲಿಸಿ ಭಾಷಣ ಮಾಡಿದರು.

ಊಟವಾದ ಮೇಲೆ ನಮ್ಮವರು ಬರೀ ಕೈ ತೊಳೆದು ಸುಮ್ಮನಾಗುವವರೇ? ಬಾಯಿ ಮುಕ್ಕಳಿಸಬೇಕು, ಮುಖಕ್ಕೆ ಎರಚಿಕೊಳ್ಳಬೇಕು, ಕ್ಯಾರಿಯರ್ ಉಜ್ಜಬೇಕು. ಬೊಗಸೆ ಬಾಯಿಯ ಕಡೆ ಹೊರಟರೆ ಸಾಕು, ನೀರು ನಿಲ್ಲುತ್ತಿತ್ತು. ಮೊದಲ ದಿನ ಒಬ್ಬರು ಕೈ ಒಡ್ಡಿ ನಿಂತರು, ಇನ್ನೊಬ್ಬರು ಮುಖ ತೊಳೆದರು. ಮಾರನೆಯ ದಿನ ಹೆಮ್ಮಿಗೆಯವರು ತಮ್ಮ ಕ್ಯಾರಿಯರ್ ಮುಚ್ಚಳವನ್ನೇ ನಲ್ಲಿಯ ಕೆಳಗೆ ಆನಿಸಿಟ್ಟು ಊಟಕ್ಕೆ ಕೂತರು. ಊಟ ಮುಗಿಯುವ ಹೊತ್ತಿಗೆ ಟ್ಯಾಂಕು ಖಾಲಿ.

"ಯಾರ್ರೀ ಹೀಗೆ ಮಾಡಿದ್ದು?" ಎಂದು ಮ್ಯಾನೇಜರು ಹಾರಾಡಿದರು.

"ಅದ್ಕೆ ಯಾವಾಗ್ಲೂ ಕೈ ತೋರಿಸ್ತಿರ್ಬೇಕು ಅಂದ್ರಲ್ಲ ಸಾ," ಅಂದರು ಹೆಮ್ಮಿಗೆಯವರು. "ನಮ್ ಕೈ ಉಣ್ಣಕ್ ಬೇಕಾಗಿತ್ತು. ಅದ್ಕೇ ಮುಚ್ಳ ತೋರುಸ್ದೊ."

ಪಕ್ಕದ ಮನೆಯ ಬಿಂದಿಗೆ

ಇಂಥದ್ದು ಕಾರ್ಖಾನೆಯಲ್ಲಿ ಮಾತ್ರ ಅಂದುಕೊಂಡಿದ್ದೆ. ಟಿ. ನರಸೀಪುರದಲ್ಲಿ ನಮ್ಮಕ್ಕನ ಮನೆ. ಮೋಟರ್ ಹಾಕಿ ಮರೆಯುವುದು ಅಕ್ಕನ ಅಭ್ಯಾಸ, ಟ್ಯಾಂಕು ತುಂಬಿ ಸುರಿಯುವುದು ಅದರ ಅಭ್ಯಾಸ. ತುಂಬಿದ ಕೂಡಲೇ ಮೋಟರ್ ತಾನಾಗಿ ನಿಲ್ಲುವಂತೆ ಒಂದು ಸೆನ್ಸರ್ ಕೂರಿಸಿ, ಅಕ್ಕನ ಕೈಯ ಕಾಫಿ ಕುಡಿದು ಬಂದೆ.

ಮುಂದಿನ ವಾರ ಹೋದರೆ ಅಕ್ಕ ನನ್ನ ಮುಖ ನೋಡುತ್ತಿಲ್ಲ. ಪಕ್ಕದ ಮನೆಯಾಕೆ ಮಾತು ಬಿಟ್ಟಿದ್ದರಂತೆ. ಸುರಿಯುವ ನೀರಿಗೆ ಅವರು ವರ್ಷಗಳಿಂದ ಬಿಂದಿಗೆ ಇಡುತ್ತಿದ್ದರು. ಮಲ್ಲಿಗೆ ಬಳ್ಳಿಗೆ, ಪಾತ್ರೆಗೆ ಅದೇ ನೀರು. ಬದಲಿಗೆ ದಿನಾ ಸಂಜೆ ಅಕ್ಕನಿಗೆ ಒಂದು ಮೊಳ ಹೂವು. ಇಬ್ಬರೂ ಈ ವಿಷಯ ಬಾಯಿಬಿಟ್ಟು ಆಡಿದ್ದೇ ಇಲ್ಲ.

"ಹಾಗಾದ್ರೆ ತೆಗೆದುಬಿಡ್ಲಾ ಅಕ್ಕ?" ಅಂದೆ.

"ತೆಗೀಬೇಡ, ಕರೆಂಟು ಉಳೀತದೆ," ಅಂದಳು ಅಕ್ಕ. "ಅವ್ರ್ ಬಿಂದ್ಗೆಗೂ ಒಂದು ಹಾಕ್ಬುಡು. ಅದು ತುಂಬುದ್ ಮೇಲೆ ಮೋಟ್ರು ನಿಲ್ಲಂಗೆ ಮಾಡು."

ನಗು ಬಂತು, ಆದರೆ ಅಕ್ಕ ಹೇಳಿದ್ದೇ ಸರಿ ಅನ್ನಿಸಿತು. ನಾನು ಟ್ಯಾಂಕು ನೋಡಿದ್ದೆನೇ ಹೊರತು ಅದರಿಂದ ಎಲ್ಲೆಲ್ಲಿಗೆ ಏನು ಹರಿಯುತ್ತಿದೆ ಎಂದು ನೋಡಿರಲಿಲ್ಲ.

ಕೈ ಮುಗಿಯುವ ಜಾಗ

ಕೊನೆಗೆ ಪ್ರೆಸ್ಸಿಗೂ ಕಣ್ಣು ಬಂತು. ಮಿಷನ್ನಿನ ಬಾಯಿಯ ಎರಡೂ ಬದಿಗೆ ಒಂದೊಂದು ಕಂಬ, ನಡುವೆ ಕಾಣದ ಬೆಳಕು. ತಗಡು ಹಿಂಬದಿಯ ಟ್ರೇಯಿಂದ ತಾನಾಗಿ ಸರಿದು ಬರುತ್ತಿತ್ತು, ಕೈ ಹಾಕುವುದು ಸಿಕ್ಕಿಕೊಂಡಾಗ ಮಾತ್ರ. ಕೈ ಅಡ್ಡ ಬಂದರೆ ಇಳಿಯುತ್ತಿರುವ ಅಚ್ಚೂ ಅಲ್ಲೇ ನಿಲ್ಲುತ್ತದೆ. ಮತ್ತೆ ಓಡಬೇಕಾದರೆ ಸೂಪರ್‌ವೈಸರ್ ಬಂದು ಕೀಲಿ ತಿರುಗಿಸಬೇಕು.

ಹೆಮ್ಮಿಗೆಯವರಿಗೆ ಒಂದು ಪದ್ಧತಿ. ತಗಡಿನ ಟ್ರೇ ಬದಲಾದಾಗಲೆಲ್ಲ ಅಚ್ಚು ಮುಟ್ಟಿ ಕಣ್ಣಿಗೊತ್ತಿಕೊಂಡೇ ಅದನ್ನು ಇಳಿಸುವ ಪೆಡಲ್ ಮೇಲೆ ಕಾಲಿಡುವುದು. ಅವರು ನಮಸ್ಕಾರ ಮಾಡಿದಾಗಲೆಲ್ಲ ಪ್ರೆಸ್ ಬಂದ್. ಸೂಪರ್‌ವೈಸರ್ ಕೀಲಿ ಹಿಡಿದು ಓಡಾಡಿ ಸುಸ್ತಾದರು. "ಇವರ ಮಿಷನ್ನಿಂದ ಅದನ್ನ ತೆಗೆದುಬಿಡಿ," ಅಂದರು ಮ್ಯಾನೇಜರು. ಒಂದು ದಿನ ಅವಕಾಶ ಕೇಳಿದೆ.

"ಯಜಮಾನ್ರೇ, ಒಳಗೆ ಕೈ ಹಾಕ್ಬೇಡಿ. ಈ ಕಂಬಕ್ಕೆ ಮುಗೀರಿ."

"ನನ್ ಕೈ ಓಗೋದು ಅದ್ರ ಬಾಯ್ಗಲ್ವಾ ಸಾ. ಬಾಯ್ನ ಬುಟ್ಟು ಕಂಬುಕ್ ಮುಗುದ್ರೆ ಅದು ಸುಮ್ಕಿದ್ದದಾ?"

ಪೊರಕೆ ಕಡ್ಡಿಯೊಂದನ್ನು ತಂದು, ಅಚ್ಚು ಇಳಿಯುವಾಗ ಅಡ್ಡ ಹಿಡಿದು ತೋರಿಸಿದೆ. ಅಚ್ಚು ನಿಂತಿತು. "ಇನ್ನೊಂದ್ಸಲ," ಅಂದರು. ಕೀಲಿ ತಿರುಗಿಸಿ ಓಡಿಸಿದರೆ ಮತ್ತೆ ನಿಂತಿತು. ಕಡ್ಡಿಯನ್ನು ಈಸಿಕೊಂಡು ತಾವೇ ಹಿಡಿದು ನೋಡಿದರು. ಆಮೇಲೆ ಕಂಬವನ್ನು ಮೇಲಿಂದ ಕೆಳಗೆ ಸವರಿ, ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ನಿಂತರು.

ಅಂದು ಸೂಪರ್‌ವೈಸರ್ ಕೀಲಿ ಮತ್ತೆ ಜೇಬಿನಿಂದ ಹೊರಗೆ ಬರಲಿಲ್ಲ. ಸಂಜೆ ಯಾರೂ ನೋಡುತ್ತಿಲ್ಲ ಅಂದುಕೊಂಡು ಅವರೂ ಬಂದು ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಕಣ್ಣಿಗೆ ಕುಂಕುಮ

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ತಗಡು ವಾರೆಯಾಯಿತು. ಹೆಮ್ಮಿಗೆಯವರು ಅದನ್ನು ಸರಿಮಾಡಲು ಕೈ ಹಾಕಿದರು, ಕಾಲು ಪೆಡಲ್ ಮೇಲೇ ಇತ್ತು. ಧಡ್ ಎಂದು ಇಳಿದ ಅಚ್ಚು ಅರ್ಧಕ್ಕೇ ನಿಂತಿತು. ಅವರು ಕೈ ಹೊರಗೆ ತೆಗೆದು, ಬೆರಳು ಒಂದೊಂದಾಗಿ ಮಡಿಚಿ ನೋಡಿಕೊಂಡು, "ನಿಂತ್ಕತ್ತು ಸಾ," ಅಂದರು. ನಾನು ಬಗ್ಗಿ ಅವರ ಕಾಲನ್ನು ಪೆಡಲ್ ಮೇಲಿಂದ ಇಳಿಸಿದೆ.

ಮುಂದಿನ ಸೋಮವಾರ ಅವರ ಹೆಂಡತಿ ಬುಟ್ಟಿ ಹೊತ್ತು ಊರಿಂದ ಬಂದರು. "ನನ್ ಗಂಡುನ್ ಕೈ ಉಳುಸ್ದೋನು ಎಲ್ಲವ್ನೆ?" ಎಂದು ಕೇಳಿದರು. ನಾನು ಅಂಗಿ ಸರಿಮಾಡಿಕೊಂಡು ಮುಂದೆ ಬಂದೆ. ಆಕೆ ನನ್ನನ್ನು ದಾಟಿ ಪ್ರೆಸ್ಸಿನ ಹತ್ತಿರ ಹೋದರು.

"ಇದ್ರ ಕಣ್ಣೆಲ್ಲಿ?" ಎಂದರು. ಹೆಮ್ಮಿಗೆಯವರು ಬೆರಳಿಟ್ಟು ತೋರಿಸಿದರು. ಎರಡೂ ಕಂಬಕ್ಕೆ ಮೇಲಿಂದ ಕೆಳಗೆ ಅರಿಸಿನ, ಕಣ್ಣು ಇದ್ದಲ್ಲೆಲ್ಲ ದಪ್ಪಗೆ ಕುಂಕುಮ. ಕಾಯಿ ಒಡೆದದ್ದಾಯಿತು, ಮ್ಯಾನೇಜರಿಗೂ ಒಂದು ಹೋಳು ಸಿಕ್ಕಿತು. ಹೋಳು ಕೈಯಲ್ಲಿ ಹಿಡಿದೇ ಅವರು "ಸರಿ, ಶುರು ಮಾಡಿ," ಅಂದರು.

ಪ್ರೆಸ್ ಅಲುಗಲಿಲ್ಲ. ಕಣ್ಣು ಮುಚ್ಚಿದರೆ ಮಿಷನ್ ಓಡಬಾರದು, ಅದಿರುವುದೇ ಹಾಗೆ. ನಾನು ಬಟ್ಟೆ ತಂದು ಒರೆಸಲು ಹೋದರೆ ಆಕೆ ಅಡ್ಡ ನಿಂತರು.

"ಕುಂಕ್ಮ ಒರುಸ್ತಾರಾ ಸಾ? ನನ್ ಮುಂದೇನೇ?"

ಯಾರಿಗೂ ಒರೆಸುವ ಧೈರ್ಯ ಬರಲಿಲ್ಲ. "ಹಾಗಾದ್ರೆ ಇವತ್ತೊಂದಿನ ಕಣ್ಣಿಲ್ದೆ ಓಡಿಸಿ," ಅಂದರು ಮ್ಯಾನೇಜರು. ಕಾಯಿ ಚೂರು ಈಸಿಕೊಳ್ಳಲು ಗೇಟಿನವರೂ ಬಂದಿದ್ದರು. ಅಭ್ಯಾಸಬಲದಿಂದ ಮೊದಲು ಬಲಗೈ ಚಾಚಿದರು. ಮ್ಯಾನೇಜರು ಆ ಕೈ ನೋಡಿದರು. ಎಲ್ಲರೂ ನೋಡಿದೆವು.

"ಬೇಡ," ಅಂದರು ಮ್ಯಾನೇಜರು ಮೆಲ್ಲಗೆ. "ಇವತ್ತು ಕಣ್ಣಿಗೆ ರಜ."

ಹೆಮ್ಮಿಗೆಯವರು ಬೇರೆ ಕೆಲಸ ಹುಡುಕಿಕೊಂಡು ಹೊರಟರು. ಆಕೆ ಬುಟ್ಟಿ ಸೊಂಟಕ್ಕಿಟ್ಟು, ಅಷ್ಟು ಜನರೆದುರಿಗೆ ಗಂಡನ ಬಲಗೈ ಹಿಡಿದುಕೊಂಡರು.

"ಕಾಯೋನೇ ರಜದಲ್ಲವ್ನೆ, ನೀವೆಲ್ ಒಂಟ್ರಿ? ನಡೀರಿ ಮನ್ಗೆ!"